ಮಂಜಿನಲ್ಲಿ ಬಾಣಂತಿ

ಮಗಳು ಹೆರಿಗೆಗೆಂದು ಚನ್ನಗಿರಿಗೆ ಬಂದಾಗ ಊರಿನ ತುಂಬ ಅಡಿಕೆ ಬೇಯಿಸುವ ವಾಸನೆ ಇತ್ತು. ಕಾರಿನಿಂದ ಇಳಿಯುತ್ತಲೇ ವೇಲಿನಿಂದ ಮೂಗು ಮುಚ್ಚಿಕೊಂಡು, "ಅಮ್ಮ, ಒಳಗಿರೋದಕ್ಕೂ ಈ ವಾಸ್ನೆ ಗೊತ್ತಾಗುತ್ತೇನೇ?" ಎಂದು ಹೊಟ್ಟೆ ಮುಟ್ಟಿಕೊಂಡು ನಕ್ಕಿದ್ದಳು. ಅವಳು ಚಿಕ್ಕಂದಿನಿಂದಲೂ ಮಾತಿನ ಮಲ್ಲಿ. ಜಗಳೂರಿನಿಂದ ಫೋನು ಮಾಡಿದರೆ ನನ್ನ ಒಲೆಯ ಮೇಲಿನ ಸಾರು ಸೀದು ಹೋಗುವವರೆಗೂ ಬಿಡುತ್ತಿರಲಿಲ್ಲ.

ನಾನು ತ್ಯಾವಣಿಗೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೂ ಅವಳೂ ಇಬ್ಬರೇ ಇದ್ದೆವು. ಅವಳು ಮದುವೆಯಾಗಿ ಜಗಳೂರಿಗೆ ಹೋದಳು; ಅಳಿಯಂದಿರಿಗೆ ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ಬಾಣಂತನಕ್ಕೆಂದೇ ಕೂಡಿಟ್ಟಿದ್ದ ರಜೆಯನ್ನೆಲ್ಲ ಹಾಕಿ ನಾನು ಮನೆಯಲ್ಲಿ ಕೂತೆ. ಕೊಬ್ಬರಿ ತುರಿದೆ, ಅಂಟು ಹುರಿದು ಉಂಡೆ ಕಟ್ಟಿದೆ, ಬೀದಿಯ ಗಾಳಿ ಬಾರದಂತೆ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದೆ. ನೀರು ಹಾಕಲು ನಮ್ಮ ಓಣಿಯ ಕೊನೆಮನೆಯ ಅಜ್ಜಿಗೆ ಮೊದಲೇ ಹೇಳಿಟ್ಟಿದ್ದೆ. ನ್ಯಾಮತಿ ಕಡೆಯ ಸೂರಗೊಂಡನಕೊಪ್ಪದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ಮಗಳು ಹುಟ್ಟಿದಾಗ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ್ದೂ ಇದೇ ಅಜ್ಜಿ.

ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಅಳಿಯಂದಿರು ಆಸ್ಪತ್ರೆಯ ವಾರ್ಡಿನಲ್ಲಿದ್ದವರಿಗೆಲ್ಲ ಪೇಡ ಹಂಚಿ, "ಮಗುವಿನ ಕಿವಿ ನನ್ನ ಥರ, ಮೂಗು ನಮ್ಮವ್ವನ ಥರ" ಎಂದು ಲೆಕ್ಕ ಹಾಕಿಕೊಂಡು ಊರಿಗೆ ಹೋದರು.

ಆಮೇಲಿನದು ಯಾವತ್ತು ಶುರುವಾಯಿತೆಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ಮೊದಮೊದಲು ಅವಳು ದಣಿದಿದ್ದಾಳೆ ಅಂದುಕೊಂಡೆ. ನಿದ್ದೆಗೆಟ್ಟರೆ ಯಾರಿಗಾದರೂ ಮಾತು ಕಡಿಮೆಯಾಗುತ್ತದೆ. ಕೈಗೆ ಕೊಟ್ಟರೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕುಡಿಸುವಾಗ ಮಗುವನ್ನು ನೋಡುತ್ತಿರಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಮಗು ಬಾಯಿ ಬಿಟ್ಟು ಪಕ್ಕಕ್ಕೆ ಹೊರಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೋಣೆಗೆ ಹೋದರೆ ಮಗು ಅತ್ತೂ ಅತ್ತೂ ದನಿ ಬಿದ್ದು ಹೋಗಿತ್ತು. ಇವಳು ತೊಟ್ಟಿಲ ಪಕ್ಕದಲ್ಲೇ ಕೂತಿದ್ದಳು. ಎದೆ ಹಾಲು ಸೋರಿ ನೈಟಿ ಹೊಟ್ಟೆಯವರೆಗೂ ಒದ್ದೆಯಾಗಿತ್ತು.

"ಯಾಕೆ, ಎತ್ಕೊಳ್ಳಾಕೆ ಏನಾಗಿತ್ತು ನಿಂಗೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ಪ್ರಶ್ನೆ ಅರ್ಥವಾಗದ ಮಗು ಕ್ಲಾಸಿನಲ್ಲಿ ನೋಡುತ್ತದಲ್ಲ, ಹಾಗೆ. "ಗೊತ್ತಿಲ್ಲಮ್ಮ" ಎಂದಳು. ಸ್ವಲ್ಪ ಹೊತ್ತಿನ ನಂತರ, ಅಂಗಡಿಯಿಂದ ತಂದ ವಸ್ತುವನ್ನು ವಾಪಸ್ಸು ಕೊಡುವ ಮಾತಾಡಿದಂತೆ ತಣ್ಣಗೆ, "ಇದನ್ನ ಯಾರಿಗಾದ್ರೂ ಕೊಟ್ಬಿಡೋಣೇನಮ್ಮ? ಚೆನ್ನಾಗಿ ನೋಡ್ಕೊಳ್ಳೋರಿಗೆ" ಎಂದಳು.

ನಾನು ಬಯ್ಯಲಿಲ್ಲ. ಬಯ್ದರೆ ತಿರುಗಿ ಬೀಳುವ ಮಗಳು ಅಲ್ಲಿ ಇರಲೇ ಇಲ್ಲ. ಮಗುವನ್ನು ಎತ್ತಿಕೊಂಡು ಅಡಿಗೆಮನೆಗೆ ಹೋಗಿ, ಅದರ ಬೆನ್ನು ತಟ್ಟುತ್ತಾ ನಿಂತೆ. ಮೂವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಸುಮ್ಮನಿರಿಸಬಲ್ಲೆ ಎಂಬ ಜಂಬ ನನಗಿತ್ತು. ಒಬ್ಬಳನ್ನು ಮಾತಾಡಿಸುವುದು ಹೇಗೆಂದು ನನಗೆ ಹೊಳೆಯಲಿಲ್ಲ.

ಅಜ್ಜಿ ಬಚ್ಚಲಲ್ಲಿ ಹಂಡೆಯ ಮುಂದೆ ಕೂತು ಮೆಲ್ಲಗೆ ಹೇಳಿದಳು, "ಟೀಚರಮ್ಮ, ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕಬ್ಯಾಡ. ಇದು ಸನ್ನಿ ಐತೆ. ಬಾಣಂತಿ ಸನ್ನಿ. ಎಲ್ಲೋ ಗಾಳಿ ಹೊಕ್ಕೈತೆ."

"ಕಿಟಕಿ ತೆಗೆದಿದ್ದೇ ಇಲ್ಲವಲ್ಲ ಅಜ್ಜಿ."

"ಹೊಕ್ಕೋದಕ್ಕೆ ಕಿಟಕೀನೇ ಬೇಕಾ?" ಎಂದು ಮಗಳ ತಲೆಗೆ ಇನ್ನೊಂದು ಸುತ್ತು ಬಟ್ಟೆ ಬಿಗಿದು, ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ತುರುಕಿದಳು. ಮರುದಿನ ಸೂರಗೊಂಡನಕೊಪ್ಪದ ಗುಡಿಯಿಂದ ತರಿಸಿದ ಬೂದಿಯನ್ನು ತಂದು ಹಣೆಗಿಟ್ಟಳು. ನಮ್ಮ ಮನೆಯ ವಿಭೂತಿಯ ಮೇಲೆ ಅದೂ ಕೂತಿತು. ನಾನು ಬೇಡವೆನ್ನಲಿಲ್ಲ. ಆಗ ಯಾರು ಏನು ತಂದರೂ ನಾನು ಬೇಡವೆನ್ನುತ್ತಿರಲಿಲ್ಲ. ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ಕು ಬರೆದುಕೊಟ್ಟರು. ಅದನ್ನೂ ಕುಡಿಸಿದೆ. ಅಳಿಯಂದಿರು ಭಾನುವಾರ ಬಂದು ಪಕ್ಕದಲ್ಲಿ ಕೂತು ಅದೂ ಇದೂ ಹೇಳಿ, ಅವಳು ಹೂಂ ಅನ್ನದಿದ್ದಾಗ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಸಂಕ್ರಾಂತಿಗೆ ಮುಂಚಿನ ಒಂದು ಬೆಳಗ್ಗೆ ಎಚ್ಚರವಾದಾಗ ಅವಳ ಹಾಸಿಗೆ ಖಾಲಿ ಇತ್ತು.

ಬಚ್ಚಲಿಗೆ ಹೋಗಿರಬೇಕೆಂದು ಕಾದೆ. ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು. ಎದ್ದು ನೋಡಿದರೆ ಮುಂಬಾಗಿಲ ಚಿಲಕ ತೆಗೆದಿತ್ತು. ಹೊರಗೆ ಬಾಗಿಲ ಮುಂದೆ ಬೀದಿಯೇ ಇರಲಿಲ್ಲ. ಹೊಸ್ತಿಲಿನಿಂದಾಚೆ ಬರೀ ಮಂಜು. ಎದುರು ಮನೆಯ ಗೇಟಿನ ದೀಪ ಹಳದಿಯಾಗಿ ಎಲ್ಲೋ ಮೇಲೆ ತೇಲುತ್ತಿತ್ತು. ನಾನು ಮೊದಲು ಹೋದದ್ದು ಬೀದಿಗಲ್ಲ, ಹಿತ್ತಲಿಗೆ. ಅಲ್ಲಿ ಹಳೆಯ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ. ಜಾಲರಿ ಹಾಕಿದ ಹಾಗೇ ಇತ್ತು. ಅದರ ಮೇಲೆ ಕೈಯಿಟ್ಟು ಜಗ್ಗಿ ನೋಡಿದೆ. ನನ್ನ ಮನಸ್ಸು ಎಲ್ಲಿಯವರೆಗೆ ಹೋಗಿತ್ತೆಂದು ಆಗಲೇ ನನಗೆ ಗೊತ್ತಾದದ್ದು.

ಅಷ್ಟರಲ್ಲಿ ಅಜ್ಜಿ ನೀರು ಕಾಯಿಸಲು ಬಂದಳು. "ಮಗು ನೋಡ್ಕೊ ಅಜ್ಜಿ" ಎಂದು ಶಾಲು ಎಳೆದುಕೊಂಡು ಓಡಿದೆ. ಹಿಂದಿನಿಂದ ಅವಳು ಏನೋ ಕೂಗಿದಳು.

ಬೀದಿಯಲ್ಲಿ ಕೂಗಿ ಕರೆಯಲು ಧೈರ್ಯ ಬರಲಿಲ್ಲ. ಕರೆದರೆ ಮನೆಮನೆಯ ಬಾಗಿಲು ತೆರೆಯುತ್ತದೆ. ಟೀಚರಮ್ಮನ ಮಗಳು ಬಾಣಂತಿ ಕೋಣೆಯಿಂದ ಓಡಿಹೋದಳಂತೆ ಎಂದು ಊರು ತುಂಬುತ್ತದೆ. ಹಾಗಂದುಕೊಳ್ಳುತ್ತಲೇ, ಮಗಳಿಗೆ ಏನಾಗಿದೆಯೋ ತಿಳಿಯದ ಈ ಹೊತ್ತಿನಲ್ಲೂ ಇದನ್ನೇ ಯೋಚಿಸುತ್ತಿದ್ದೇನಲ್ಲ ಎಂದು ಅಳು ಬಂತು. ತಿರುವಿನಲ್ಲಿ ಹಾಲಿನವನ ಬೈಕು ಮೆಲ್ಲಗೆ, ಹಾರ್ನ್ ಹೊಡೆಯುತ್ತಾ ಬಂತು. ನನ್ನನ್ನು ಕಂಡು ನಿಲ್ಲಿಸಿದ.

"ಟೀಚರೇ, ಇಷ್ಟೊತ್ತಿಗೆ ಎಲ್ಲಿಗ್ರೀ?"

"ನಮ್ಮ ಹುಡುಗಿ ಈ ಕಡೆ ಬಂದ್ಲೇನಪ್ಪಾ?"

"ಯಾರೋ ಹೆಣ್ಮಗಳು ಪಾರ್ಕಿನ ಗೇಟ್ ಹತ್ರ ಹೋದಂಗಾತು. ಸರಿಯಾಗಿ ಕಾಣ್ಲಿಲ್ರೀ, ಮಂಜು ಹಿಂಗೈತಲ್ಲ. ಬರ್ಲಾ ನಾನೂ?"

ಬೇಡವೆಂದು ಕೈಯಾಡಿಸಿ ನಡೆದೆ.

ನಮ್ಮ ಪಾರ್ಕು ದೊಡ್ಡದೇನಲ್ಲ. ಯಾವತ್ತೂ ನೀರು ಚಿಮ್ಮದ ಕಾರಂಜಿ, ಒಂದು ಕೊಂಬು ಮುರಿದ ಸಿಮೆಂಟಿನ ಜಿಂಕೆ, ಸರಪಳಿ ಮಾತ್ರ ಉಳಿದಿರುವ ಉಯ್ಯಾಲೆ. ಸುತ್ತ ಹೊಂಗೆ, ಬೇವು, ಎರಡು ದೊಡ್ಡ ಮಳೆಮರ. ಅವುಗಳ ಕೆಳಗೆ ಬೆಳಗಿನ ವಾಕಿಂಗಿನವರಿಗೆಂದು ಹಾಕಿದ ಕಲ್ಲುಹಾಸಿನ ದಾರಿ. ಆ ದಿನ ಅದ್ಯಾವುದೂ ಇರಲಿಲ್ಲ. ಗೇಟು ದಾಟಿ ಕಲ್ಲುಹಾಸಿನ ಮೇಲೆ ನಿಂತರೆ ನನ್ನ ಚಪ್ಪಲಿಯೇ ಮಸುಕಾಗಿ ಕಾಣುತ್ತಿತ್ತು. ಮಂಜಿಗೆ ಹೆದರಿ ವಾಕಿಂಗಿನವರು ಯಾರೂ ಬಂದಿರಲಿಲ್ಲ. ಎಲೆಗಳಿಂದ ತಟ್ ತಟ್ ಎಂದು ನೀರು ಬೀಳುತ್ತಿತ್ತು. ಅದು ಬಿಟ್ಟರೆ ಸದ್ದಿಲ್ಲ.

ಆಮೇಲೆ ಹೆಜ್ಜೆಯ ಸದ್ದು ಕೇಳಿತು. ಬರಿಗಾಲಿನದು. ನಿಧಾನವಾಗಿ, ಒಂದೇ ಸಮನೆ, ನನ್ನ ಕಡೆಗೇ ಬರುತ್ತಿತ್ತು. ಮಂಜು ಒಂದು ಕಡೆ ಸ್ವಲ್ಪ ಕಪ್ಪಾಯಿತು, ಆ ಕಪ್ಪು ನೈಟಿಯಾಯಿತು, ಅದರ ಮೇಲೆ ನನ್ನ ಮಗಳ ಮುಖ ಬಂತು. ತಲೆಗೆ ಬಟ್ಟೆಯಿಲ್ಲ. ಕಿವಿಯ ಹತ್ತಿಯಿಲ್ಲ. ಮುಂಗುರುಳ ತುಂಬ ಹನಿ ಕೂತಿದ್ದವು.

ನನ್ನನ್ನು ಕಂಡು ಅವಳು ಬೆಚ್ಚಲಿಲ್ಲ. ಹತ್ತಿರ ಬಂದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು, "ಇನ್ನೊಂದು ಸುತ್ತು ಅಮ್ಮ. ಒಂದೇ ಸುತ್ತು."

ಕೇಳಿದ್ದು ಅವಳ ಮೊದಲಿನ ದನಿ. ಎಷ್ಟೋ ದಿನಗಳಿಂದ ನಾನು ಕೇಳಿರದ ದನಿ.

ನನ್ನ ಶಾಲು ತೆಗೆದು ಅವಳ ತಲೆಗೆ ಹೊದಿಸಿದೆ. ನನ್ನ ಚಪ್ಪಲಿ ಬಿಟ್ಟು ಅವಳ ಕಾಲ ಮುಂದೆ ಇಟ್ಟೆ, ಮೆಟ್ಟಿಕೊಂಡಳು. ಇಬ್ಬರೂ ನಡೆದೆವು. ಕಲ್ಲುಹಾಸು ಕಾಲಿಗೆ ಜುಮ್ಮೆನ್ನುವಷ್ಟು ತಣ್ಣಗಿತ್ತು. ಮುಂದೆ ಎರಡು ಮಾರು ದಾರಿ ಮಾತ್ರ ಕಾಣುತ್ತಿತ್ತು. ಅಷ್ಟು ನಡೆದರೆ ಇನ್ನಷ್ಟು ತೆರೆದುಕೊಳ್ಳುತ್ತಿತ್ತು. ಹಿಂದೆ ತಿರುಗಿದರೆ ಬಂದ ದಾರಿ ಮುಚ್ಚಿಕೊಂಡಿರುತ್ತಿತ್ತು. ಬೇಲಿಗಿಡದ ಮೇಲೆ ಜೇಡರ ಬಲೆಗಳು ಒಂದಕ್ಕೊಂದು ಅಂಟಿಕೊಂಡು, ಎಲ್ಲದರ ಮೇಲೂ ಇಬ್ಬನಿ ಪೋಣಿಸಿದಂತೆ ಕೂತಿತ್ತು. ಅವಳು ಅವನ್ನು ನೋಡುತ್ತಿದ್ದಳು. ಗೋಡೆ ನೋಡುವಂತಲ್ಲ, ನಿಜವಾಗಿ ನೋಡುತ್ತಿದ್ದಳು. ಮಳೆಮರದ ಮೇಲೆ ಎಲ್ಲೋ ಕೆಂಬೂತ ಕೂಗಿತು, ಕೊಡಕ್ಕೆ ನೀರು ತುಂಬುವಾಗ ಬರುವಂಥ ಸದ್ದು. ಅವಳು ನಿಂತು ತಲೆಯೆತ್ತಿದಳು. ಮರವೇ ಕಾಣುತ್ತಿರಲಿಲ್ಲ.

"ಇಲ್ಲಿ ಯಾರೂ ನನ್ನ ನೋಡ್ತಿಲ್ಲಮ್ಮ" ಎಂದಳು.

"ಮನೇಲಿ ನಾನೊಬ್ಳೇ ತಾನೇ ಇರೋದು?"

"ನೀನೇ ನೋಡ್ತಿರ್ತೀಯ. ಅಜ್ಜಿ ನೋಡ್ತಾಳೆ. ಅವ್ರು ಬಂದ್ರೆ ಅವ್ರೂ ನೋಡ್ತಾರೆ. ನಾನು ಯಾವಾಗ ಸರಿ ಹೋಗ್ತೀನಿ ಅಂತ." ಸ್ವಲ್ಪ ದೂರ ನಡೆದು ಮತ್ತೆ ಅಂದಳು, "ಅದು ಅತ್ರೆ ನಂಗೆ ಏನೂ ಆಗಲ್ಲಮ್ಮ. ಪಕ್ಕದ ಮನೆ ಮಗು ಅತ್ತಂಗೆ ಕೇಳ್ಸುತ್ತೆ. ಹಂಗೆ ಆಗ್ಬಾರ್ದು ಅಂತ ಗೊತ್ತು. ಏನ್ ಮಾಡ್ಲಿ?"

ಎಲ್ಲ ಸರಿಹೋಗುತ್ತೆ ಎಂದು ಹೇಳಬಹುದಿತ್ತು. ಸರಿಹೋಗುತ್ತದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಅಳತೊಡಗಿದಳು, ಸದ್ದಿಲ್ಲದೆ, ನಡೆಯುವುದನ್ನು ನಿಲ್ಲಿಸದೆ. ಹೆತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ವಿಚಿತ್ರವೆಂದರೆ, ಆ ಸುತ್ತಿನಲ್ಲಿ ನನ್ನ ಎದೆಯ ಬಡಿತವೂ ಇಳಿದಿತ್ತು. ನನಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ನಾಳೆಯೂ ಕಾಣುತ್ತಿರಲಿಲ್ಲ, ಎರಡು ಮಾರು ನೆಲ ಮಾತ್ರ ಕಾಣುತ್ತಿತ್ತು. ಅಷ್ಟನ್ನು ನಡೆಯುವುದು ನನ್ನಿಂದ ಆಗುತ್ತಿತ್ತು.

ಒಂದು ಸುತ್ತು ಎಂದದ್ದು ನಾಲ್ಕಾರು ಸುತ್ತಾಯಿತು. ನಿಧಾನವಾಗಿ ಜಿಂಕೆಯ ಬೆನ್ನು ಕಂಡಿತು, ಕಾರಂಜಿ ಕಂಡಿತು, ಗೇಟಿನಾಚೆ ಬಸ್‌ಸ್ಟ್ಯಾಂಡಿಗೆ ಹೋಗುವವರು ಕಂಡರು. ಬಿಸಿಲು ಮುಖಕ್ಕೆ ಬೀಳುತ್ತಲೇ ಅವಳು ಕೈ ಬಿಡಿಸಿಕೊಂಡಳು. ಮನೆ ತಲುಪುವಷ್ಟರಲ್ಲಿ ಮತ್ತೆ ಮೊದಲಿನ ಹಾಗೆ.

ಅಜ್ಜಿ ಬಾಗಿಲಲ್ಲೇ ಮಗುವನ್ನೆತ್ತಿಕೊಂಡು ನಿಂತಿದ್ದಳು. "ಹಸಿ ಬಾಣಂತೀನ ಮಂಜಿಗೆ ಬಿಟ್ಟು ಕರ್ಕಂಡು ಬರ್ತೀಯಲ್ಲ, ನಿಂಗೇನಾಗೈತೆ? ಓದಿದೋಳು ನೀನು!" ಎಂದು ನನ್ನನ್ನು ಬೈದು, ಕೆಂಡದ ಮೇಲೆ ಸಾಂಬ್ರಾಣಿ ಸುರಿದು ಕೋಣೆಯ ತುಂಬ ಹೊಗೆ ಎಬ್ಬಿಸಿದಳು. ಮಗಳು ಕೆಮ್ಮುತ್ತಾ ಗೋಡೆಗೆ ಮುಖ ಮಾಡಿದಳು.

ಮಾರನೆಯ ಬೆಳಗ್ಗೆಯೂ ಮಂಜು ಬಿದ್ದಿತ್ತು. ನಾನು ಎಚ್ಚರವಾಗೇ ಇದ್ದೆ. ಅವಳು ಎದ್ದು ಕೂತು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವಳ ದೇಹಕ್ಕೆ ಶೀತ ಹತ್ತಿದರೆ? ಹಾಲು ಬತ್ತಿದರೆ? ಅಜ್ಜಿ ಹೇಳುವುದೇ ನಿಜವಾಗಿದ್ದರೆ? ಯಾವುದಕ್ಕೂ ನನ್ನಲ್ಲಿ ಧೈರ್ಯವಿರಲಿಲ್ಲ. ಆದರೂ ಎದ್ದು ಸ್ವೆಟರು, ಕಾಲುಚೀಲ, ಮಂಕಿ ಟೋಪಿ ಎಲ್ಲ ತೊಡಿಸಿ ಕರೆದುಕೊಂಡು ಹೋದೆ. ಅಜ್ಜಿ ಬಂದು ಮಗುವಿನ ಹತ್ತಿರ ಕೂತಳು. ಬೈಯುವುದನ್ನು ಬಿಡಲಿಲ್ಲ, ಬರುವುದನ್ನೂ ಬಿಡಲಿಲ್ಲ.

ಆ ವಾರ ಅಳಿಯಂದಿರು ಬಂದಾಗ ಬಾವಿಯ ಕಟ್ಟೆಯ ಹತ್ತಿರ ಕರೆದು ಎಲ್ಲ ಹೇಳಿದೆ. "ಅತ್ತೆ, ನಮ್ಮ ಆಫೀಸಿನ ಮೇಡಮ್ಮೊಬ್ರು ಹೇಳಿದ್ರು, ಇದು ಕಾಯಿಲೇನೇ ಅಂತೆ. ಔಷಧಿ ಐತಂತೆ. ಹೆಂಗೆ ಹೇಳೋದು ನಿಮಗೆ ಅಂತ ನಾನೇ ಹಿಂಜರೀತಿದ್ದೆ" ಎಂದರು. ನಾನು ಏನಂದುಕೊಳ್ಳುತ್ತೇನೋ ಎಂದು ಅವರು, ಅವರು ಏನಂದುಕೊಳ್ಳುತ್ತಾರೋ ಎಂದು ನಾನು. ಮರುದಿನವೇ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಮನಸ್ಸಿನ ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡ ಹೆಣ್ಣುಮಗಳು. ಸುತ್ತು ಬಳಸದೆ ನೇರವಾಗಿ ಕೇಳಿದರು, "ಸಾಯಬೇಕು ಅನ್ಸುತ್ತಾ?"

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಇಲ್ಲ" ಎಂದಳು ಮಗಳು. "ಎಲ್ಲಿಗಾದ್ರೂ ಹೋಗ್ಬೇಕು ಅನ್ಸುತ್ತೆ."

"ಹೋಗ್ತೀರಾ?"

"ಪಾರ್ಕಿಗೆ ಹೋಗ್ತೀವಿ. ಮಂಜು ಬಿದ್ರೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ, "ಕರ್ಕೊಂಡು ಹೋಗಿ. ಬೆಚ್ಚಗೆ ಹೊದಿಸಿ ಕರ್ಕೊಂಡು ಹೋಗಿ. ಒಬ್ಬಳನ್ನೇ ಮಾತ್ರ ಬಿಡಬೇಡಿ" ಎಂದರು. ಕೆಲವು ತಾಯಂದಿರಿಗೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ, ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು ಎಂದರು. ಆ ವಾರಗಳನ್ನು ಹೇಗೆ ಕಳೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಬೆಳಗಾಗುವ ಮೊದಲೇ ಎದ್ದು ಹೊಸ್ತಿಲ ಬಳಿ ನಿಂತು ಬೀದಿ ನೋಡುವುದು ನನ್ನ ಕೆಲಸವಾಯಿತು. ಎದುರು ಮನೆಯ ದೀಪ ಮಸುಕಾಗಿದ್ದರೆ ಜೀವಕ್ಕೆ ಸಮಾಧಾನ. ಸ್ಪಷ್ಟವಾಗಿ ಹೊಳೆಯುತ್ತಿದ್ದರೆ ಆ ದಿನ ಅವಳು ಹೊರಗೆ ಕಾಲಿಡುವುದಿಲ್ಲ. ದೇವರ ಮುಂದೆ ನಿಂತು ಮಂಜು ಬೀಳಲಪ್ಪಾ ಎಂದು ಬೇಡಿಕೊಂಡ ತಾಯಿ ನಾನೊಬ್ಬಳೇ ಇರಬೇಕು. ಬಿದ್ದ ದಿನವೆಲ್ಲ ಒಳ್ಳೆಯದಾಗುತ್ತಿತ್ತೆಂದೂ ಅಲ್ಲ. ಒಂದು ಬೆಳಗ್ಗೆ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ಮಂಜು ಕರಗಿತು, ವಾಕಿಂಗಿನವರು ಬಂದರು, ನಮ್ಮ ಶಾಲೆಯ ಹಳೆಯ ಹೆಡ್‌ಮಾಸ್ತರು ಹತ್ತಿರ ಬಂದು, "ಏನ್ ಟೀಚರೇ, ಮೊಮ್ಮಗು ಹೆಂಗೈತೆ?" ಎಂದು ಮಾತಾಡಿಸಿದರು. ಚೆನ್ನಾಗೈತೆ ಸಾರ್ ಎಂದು ಹಲ್ಲು ಬಿಟ್ಟು ನಿಂತೆ. ಪಕ್ಕದಲ್ಲಿ ಅವಳು ಕಲ್ಲಾಗಿ ಕೂತಿದ್ದಳು. ಅವರು ಮುಂದೆ ಹೋದ ಮೇಲೆ ಅವಳನ್ನು ಎಬ್ಬಿಸಲೂ ಆಗದೆ, ಬಿಟ್ಟು ಹೋಗಲೂ ಆಗದೆ, ಬಿಸಿಲು ನೆತ್ತಿ ಸುಡುವವರೆಗೂ ಕೂತಿದ್ದೆ.

ಒಂದು ದಿನ ಅಜ್ಜಿಗೆ ಜ್ವರ. ಮಗುವನ್ನು ಬಿಡಲು ಯಾರೂ ಇರಲಿಲ್ಲ. ಹೊರಗೆ ಮಂಜು, ಒಳಗೆ ಮಗು, ಬಾಗಿಲಲ್ಲಿ ಸ್ವೆಟರು ಹಾಕಿಕೊಂಡು ನಿಂತ ಮಗಳು. ಏನೂ ತೋಚದೆ ಮಗುವನ್ನು ಕಂಬಳಿಯಲ್ಲಿ ಮೂಗು ಮಾತ್ರ ಕಾಣುವಂತೆ ಸುತ್ತಿ ನನ್ನ ಹೆಗಲಿಗೆ ಹಾಕಿಕೊಂಡೆ. ಅವಳು ಬೇಡವೆನ್ನಲಿಲ್ಲ, ಹತ್ತಿರವೂ ಬರಲಿಲ್ಲ. ಮುಂದೆ ಮುಂದೆ ನಡೆದಳು.

ಪಾರ್ಕಿನ ಮಳೆಮರದ ಕೆಳಗೆ ಬರುವಾಗ ಮೇಲಿನಿಂದ ಒಂದು ದಪ್ಪ ಹನಿ ಮಗುವಿನ ಹಣೆಗೆ ಬಿತ್ತು. ಮಗು ಬೆಚ್ಚಿ ಕಣ್ಣು ತೆರೆಯಿತು. ಅಳುತ್ತದೆಂದು ನಾನು ಕಾದೆ. ಅಳಲಿಲ್ಲ. ಬಿಳಿಯ ಮಂಜಿನಲ್ಲಿ ಕಣ್ಣು ಅರಳಿಸಿಕೊಂಡು ಏನನ್ನೋ ಹುಡುಕುವಂತೆ ನೋಡಿತು. ಅವಳು ತಿರುಗಿ ನಿಂತಳು. ಹತ್ತಿರ ಬಂದು, ಕಂಬಳಿಯ ಅಂಚನ್ನು ಒಂದು ಬೆರಳಿನಿಂದ ಸರಿಸಿ, ಹಣೆಯ ಹನಿ ಒರೆಸಿದಳು.

"ತಣ್ಣಗೈತೆ" ಎಂದಳು.

"ಹೂಂ."

"ಒದ್ದೆಯಾಗುತ್ತೆ. ಮನೆಗೆ ಹೋಗಣ."

ಅಷ್ಟೇ. ಎತ್ತಿಕೊಳ್ಳಲಿಲ್ಲ, ಮುತ್ತಿಡಲಿಲ್ಲ. ಆದರೆ ಅದಕ್ಕೆ ಒದ್ದೆಯಾಗುತ್ತದೆಂದು ಅವಳಿಗೆ ಅನಿಸಿತ್ತು. ದಾರಿಯುದ್ದಕ್ಕೂ ನಾನು ಅವಳ ಮುಖ ನೋಡದಂತೆ ನನ್ನನ್ನೇ ಹಿಡಿದುಕೊಂಡು ನಡೆದೆ.

ಶಿವರಾತ್ರಿಯ ಹೊತ್ತಿಗೆ ಮಂಜು ನಿಂತಿತು. ಮಾತ್ರೆ ಕೆಲಸ ಮಾಡಿತೋ, ದಿನಗಳೇ ಮಾಡಿದವೋ, ಅವಳು ಸ್ವಲ್ಪ ಸ್ವಲ್ಪವೇ ತಿರುಗಿ ಬಂದಳು. ಮೊದಲು ಉಪ್ಪು ಕಡಿಮೆ ಎಂದಳು. ಆಮೇಲೆ ಮಗುವಿನ ಉಗುರು ಬೆಳೆದಿದೆ ಎಂದಳು. ಬೇಸಿಗೆ ಏರುವಾಗ ಮಗುವನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಜಗಳೂರಿಗೆ ಹೋದಳು. ನನ್ನ ಭಯ ಮಾತ್ರ ಹೋಗಲಿಲ್ಲ. ಫೋನಿನಲ್ಲಿ ಅವಳು ಒಂದು ಗಳಿಗೆ ಸುಮ್ಮನಾದರೂ ನಾನು ಒಲೆ ಆರಿಸಿ ಕೂತುಬಿಡುತ್ತೇನೆ. ಕೇಳುವಂತಿಲ್ಲ, ಕೇಳಿದರೆ ಮತ್ತೆ ನೋಡತೊಡಗಿದಂತಾಗುತ್ತದೆ.

ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಮೊನ್ನೆ ತಾಯಿ ಮಗು ಇಬ್ಬರೂ ಬಂದಿದ್ದರು. ಸಂಜೆ ಪಾರ್ಕಿನ ಹತ್ತಿರ ಹಾದು ಬರುವಾಗ ಮಗಳು ಗೇಟಿನ ಬಳಿ ನಿಧಾನಿಸಿದಳು.

"ಆ ತಿಂಗಳುಗಳು ನಂಗೆ ಏನೂ ನೆನಪಿಲ್ಲಮ್ಮ. ಈ ಪಾರ್ಕೊಂದು ನೆನಪೈತೆ. ಎಷ್ಟು ಸಮಾಧಾನ ಆಗ್ತಿತ್ತು ಗೊತ್ತಾ, ಮಂಜಲ್ಲಿ ಒಬ್ಳೇ ನಡೀತಿದ್ರೆ."

"ಒಬ್ಳೇ ಇರ್ಲಿಲ್ಲ ನೀನು" ಎಂದೆ. "ನಾನೂ ಇರ್ತಿದ್ದೆ."

ಅವಳು ನನ್ನ ಮುಖ ನೋಡಿದಳು. ನೆನಪಿಸಿಕೊಳ್ಳಲು ನಿಜವಾಗಿ ಪ್ರಯತ್ನಿಸುತ್ತಿದ್ದಳು, ಹುಬ್ಬು ಗಂಟಿಕ್ಕಿತ್ತು.

"ಹೌದಾ? ಇರ್ಬೋದು" ಎಂದಳು. ಅಷ್ಟರಲ್ಲಿ ಮಗು ಅವಳ ಕೈ ಬಿಡಿಸಿಕೊಂಡು ರಸ್ತೆಯ ಕಡೆ ಓಡಿತು. ಅವಳು ಹೆಸರು ಹಿಡಿದು ಕೂಗುತ್ತಾ ಹಿಂದೆ ಓಡಿದಳು.